ಏಡಿ ಬಿಲದಲ್ಲಿ ಉಳಿದ ಎಣ್ಣೆ

ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರದ ಬದಿಗೇ. ಚಿಕ್ಕವನಿದ್ದಾಗ ಏಡಿ ಬಿಲ ಕೆದಕುವುದೇ ನಮ್ಮ ದೊಡ್ಡ ಆಟ. ಬಿಲದ ಬಾಯಿ ಎರಡು ಬೆರಳಿನಷ್ಟು ಅಗಲ. ಕೆದಕಿ ಅಗಲ ಮಾಡಿ ಮೊಣಕೈವರೆಗೆ ಕೈ ತೂರಿಸಿದರೂ ತಳ ಸಿಗುತ್ತಿರಲಿಲ್ಲ. ಈ ವಿಷಯ ನನಗೆ ಸೌದಿಯಲ್ಲಿ ನೆನಪಾಗಬೇಕಿತ್ತು. ಆಗಲಿಲ್ಲ.

1991ರಲ್ಲಿ, ಕೊಲ್ಲಿ ಯುದ್ಧದ ಹೊತ್ತಿಗೆ, ನಾನು ಸೌದಿಯ ಕರಾವಳಿ ಊರು ಜುಬೈಲ್‌ನಲ್ಲಿದ್ದೆ. ಒಂದು ಗುತ್ತಿಗೆ ಕಂಪನಿಯ ವ್ಯಾಕ್ಯೂಮ್ ಟ್ಯಾಂಕರ್ ಓಡಿಸುವ ಕೆಲಸ. ಊರಲ್ಲಿ ಕೇಳಿದವರಿಗೆ ‘ಟ್ಯಾಂಕರ್ ಡ್ರೈವರ್’ ಅಂತಷ್ಟೇ ಹೇಳುತ್ತಿದ್ದೆ. ನಿಜ ಅಂದರೆ ಅದು ಕಕ್ಕಸು ಗುಂಡಿ ಖಾಲಿ ಮಾಡುವ ಗಾಡಿ.

ಜನವರಿ ಕೊನೆಗೆ, ಕುವೈತನ್ನು ಆಕ್ರಮಿಸಿಕೊಂಡಿದ್ದ ಇರಾಕ್ ಸೈನ್ಯ ಅಲ್ಲಿನ ಎಣ್ಣೆ ಬಂದರು ಮಿನಾ ಅಲ್ ಅಹ್ಮದಿಯಲ್ಲಿ ವಾಲ್ವ್ ತೆರೆದು ಕಚ್ಚಾ ಎಣ್ಣೆಯನ್ನು ಸಮುದ್ರಕ್ಕೆ ಬಿಟ್ಟಿತು. ಎಷ್ಟು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. 40 ಲಕ್ಷ ಪೀಪಾಯಿ ಅನ್ನುವವರಿದ್ದಾರೆ, 1 ಕೋಟಿ ದಾಟಿತ್ತು ಅನ್ನುವವರೂ ಇದ್ದಾರೆ. ಒಂದು ಪೀಪಾಯಿಗೆ 159 ಲೀಟರ್. ಗುಣಿಸಲು ನಾನು ಹೋಗಿಲ್ಲ. ಆ ಎಣ್ಣೆ ಸೌದಿ ದಂಡೆಯ ಉದ್ದಕ್ಕೂ ದಕ್ಷಿಣಕ್ಕೆ ಇಳಿದು ಬಂತು. ಜುಬೈಲ್‌ಗೆ ಸ್ವಲ್ಪ ಮೊದಲು ಅಬು ಅಲಿ ಅನ್ನುವ ದ್ವೀಪ ಕೈ ಅಡ್ಡ ಹಿಡಿದ ಹಾಗೆ ಸಮುದ್ರದೊಳಕ್ಕೆ ಚಾಚಿದೆ. ಎಣ್ಣೆಯ ಬಹುಪಾಲು ಅಲ್ಲೇ ಸಿಕ್ಕಿಕೊಂಡಿತು. ಸಮುದ್ರದ ನೀರನ್ನು ಸಿಹಿ ಮಾಡಿ ರಿಯಾದ್‌ವರೆಗೆ ಕಳಿಸುವ ಘಟಕ ಇರುವುದು ಜುಬೈಲ್‌ನಲ್ಲೇ. ಹಾಗಾಗಿ ಎಲ್ಲರೂ ‘ಬಚಾವಾದೆವು’ ಅಂದರು. ದ್ವೀಪದ ಆಚೆ ಬದಿಯ ಕೊಲ್ಲಿಗಳ ಬಗ್ಗೆ ಆಗ ಯಾರೂ ಮಾತಾಡಲಿಲ್ಲ.

ಯುದ್ಧ ನಿಂತ ಮೇಲೆ, ಮಾರ್ಚ್‌ನ ಒಂದು ಬೆಳಿಗ್ಗೆ, ನಮ್ಮ ಗಾಡಿಗಳನ್ನು ಅಲ್ಲಿಗೇ ಕಳಿಸಿದರು. ನನ್ನ ಹೆಲ್ಪರ್ ಬೈಂದೂರಿನ ಹುಡುಗ. ಇಳಿದವನೇ ಸುಮ್ಮನೆ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಅಣ್ಣ, ಅಲೆ ಶಬ್ದವೇ ಇಲ್ಲ ಅಲ್ದಾ?"

ಹೌದು, ಶಬ್ದವೇ ಇರಲಿಲ್ಲ. ಅಲೆ ಏಳುತ್ತಿತ್ತು, ಆದರೆ ಒಡೆಯುತ್ತಿರಲಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹೊರಳುತ್ತದಲ್ಲ, ಹಾಗೆ ಹೊರಳಿ ದಡಕ್ಕೆ ಬಂದು ಮಲಗುತ್ತಿತ್ತು. ಎಣ್ಣೆಯ ತೆಳು ಅಂಶ ಅಷ್ಟೊತ್ತಿಗೆ ಆವಿಯಾಗಿ ಹೋಗಿತ್ತು. ಉಳಿದದ್ದು ಉಪ್ಪುನೀರಿನ ಜೊತೆ ಕಡೆದು ಗಟ್ಟಿಯಾಗಿತ್ತು. ಮೇಲೆ ನೋಡಿದರೆ ಆಕಾಶವೂ ಅದೇ ಬಣ್ಣ. ಕುವೈತ್‌ನಲ್ಲಿ 600ಕ್ಕಿಂತ ಜಾಸ್ತಿ ಎಣ್ಣೆ ಬಾವಿಗಳು ಉರಿಯುತ್ತಿದ್ದವು. ಉತ್ತರದ ಗಾಳಿ ಬೀಸಿದರೆ ಮಸಿ ನಮ್ಮ ಕಡೆಗೇ. ಮಟಮಟ ಮಧ್ಯಾಹ್ನ ಸೂರ್ಯ ಸವೆದ ಹತ್ತು ಪೈಸೆಯ ಹಾಗೆ ಕಾಣುತ್ತಿದ್ದ.

ಕೆಲಸ ಹೇಳುವುದಕ್ಕೆ ಸುಲಭ. ದಡದಲ್ಲಿ ಜೆಸಿಬಿಯಿಂದ ಗುಂಡಿ ತೋಡಿದ್ದರು. ಗಾಳಿ ತಳ್ಳಿದ ಎಣ್ಣೆ ಅದರೊಳಗೆ ಬಂದು ತುಂಬಬೇಕು, ನಾವು ಪೈಪ್ ಇಳಿಸಿ ಎಳೆದುಕೊಳ್ಳಬೇಕು, ಮರಳುಗಾಡಿನಲ್ಲಿ ತೋಡಿದ ಇನ್ನೊಂದು ದೊಡ್ಡ ಹೊಂಡಕ್ಕೆ ಒಯ್ದು ಸುರಿಯಬೇಕು. ಆದರೆ ಹತ್ತು ನಿಮಿಷಕ್ಕೊಮ್ಮೆ ಪೈಪಿಗೆ ಪಾಚಿ, ಕಸ ಸಿಕ್ಕಿ ಕಟ್ಟಿಕೊಳ್ಳುತ್ತಿತ್ತು. ಕೈ ಹಾಕಿ ಬಿಡಿಸಬೇಕು. ಕೈಗವಸು ಅರ್ಧ ದಿನವೂ ಬಾಳಲಿಲ್ಲ. ಮೊದಲ ದಿನ ಡೀಸೆಲ್‌ನಲ್ಲಿ ಕೈ ತೊಳೆದು ಚರ್ಮ ಸುಲಿದುಕೊಂಡೆವು. ಎರಡನೇ ದಿನ ಬೈಂದೂರಿನವನೇ ಉಪಾಯ ಹೇಳಿದ: ಹಲಸಿನಹಣ್ಣು ಕೊಯ್ಯುವಾಗ ಏನು ಮಾಡುತ್ತೇವೆ? ಅದೇ ಸರಿ ಅನ್ನಿಸಿತು. ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡು ಕೆಲಸಕ್ಕಿಳಿದೆವು. ಮೇಣಕ್ಕೆ ಆಗುವ ಮದ್ದು ಕಚ್ಚಾ ಎಣ್ಣೆಗೂ ಆಗುತ್ತದೆ. ಪಕ್ಕದ ಗಾಡಿಯ ಫಿಲಿಪಿನೋ ಹುಡುಗರೂ ಬಾಟಲಿ ಕೇಳಿ ಪಡೆದರು.

ಆ ದಿನವೇ ಒಂದು ಹಕ್ಕಿ ಸಿಕ್ಕಿತು. ನೀರುಕಾಗೆ. ಅದರ ಮೈಯೇ ಕಪ್ಪಲ್ವಾ, ಎಣ್ಣೆ ಮೆತ್ತಿದೆ ಅಂತ ಹತ್ತಿರ ಹೋಗುವವರೆಗೂ ಗೊತ್ತಾಗಲಿಲ್ಲ. ರೆಕ್ಕೆ ಅಗಲಿಸಿ ಒಣಗಲು ಕೂತಿತ್ತು. ಒದ್ದೆಯಾದರೆ ಒಣಗಿಸಿಕೊಳ್ಳುವುದು ಅದಕ್ಕೆ ಗೊತ್ತು. ಇದು ಒಣಗುವಂಥದ್ದಲ್ಲ ಅಂತ ಹೇಗೆ ಗೊತ್ತಾಗಬೇಕು? ನಡುನಡುವೆ ಕೊಕ್ಕಿನಿಂದ ಗರಿ ತೀಡಿಕೊಂಡು ಆ ಎಣ್ಣೆಯನ್ನೇ ನುಂಗುತ್ತಿತ್ತು. ಜುಬೈಲ್‌ನಲ್ಲಿ ಹಕ್ಕಿಗಳನ್ನು ತೊಳೆಯುವ ಕೇಂದ್ರ ತೆರೆದಿದ್ದರು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದೆವು. ಬದುಕಿತೋ ಇಲ್ಲವೋ, ಯಾರೂ ಬಂದು ಹೇಳಲಿಲ್ಲ.

ವಾರಗಟ್ಟಲೆ ಎಳೆದೆವು. ಕೊನೆಗೆ ನಮ್ಮ ಭಾಗದ ದಡ ನೋಡಲು ಚೊಕ್ಕವೇ ಆಯಿತು. ನನಗೂ ಸ್ವಲ್ಪ ಹೆಮ್ಮೆ ಆಗಿತ್ತು, ಸುಳ್ಳು ಯಾಕೆ ಹೇಳಲಿ.

2003ರಲ್ಲಿ ಬೇರೆ ಕೆಲಸಕ್ಕೆಂದು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಕೊಲ್ಲಿ ಕಂಡಿತು, ಕಾರು ನಿಲ್ಲಿಸಿದೆ. ನೀರು ತಿಳಿಯಾಗಿತ್ತು, ಅಲೆಗೆ ಶಬ್ದ ಬಂದಿತ್ತು. ದಡದ ಕೆಸರಿನ ಮೇಲೆ ಮಾತ್ರ ಒಣಗಿ ಬಿರಿದ ಪಾಚಿಯ ಹಾಳೆ, ಹಳೇ ಚರ್ಮದ ಹಾಗೆ. ಏನೋ ಕೊರತೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಏಡಿ ಇಲ್ಲ. ಒಂದೂ ಇಲ್ಲ.

ಒಂದು ಕೋಲು ತಗೊಂಡು ಪಾಚಿ ಸರಿಸಿ ಕೆದಕಿದೆ. ಹಳೇ ಬಿಲ ಸಿಕ್ಕಿತು. ಬೆರಳು ಹಾಕಿದರೆ ಎಣ್ಣೆ. ಗಟ್ಟಿಯಾದ ಡಾಂಬರಲ್ಲ, ಜಿನುಗುವ ಹಸಿ ಎಣ್ಣೆ, 1991ರ ಅದೇ ವಾಸನೆ. ನಾವು ಮೇಲಿನದನ್ನು ಎಳೆಯುತ್ತಿದ್ದಾಗ ಅದು ಬಿಲಗಳಲ್ಲಿ ಕೆಳಗೆ ಇಳಿದಿತ್ತು. ನಾನು ದಿನಾ ಹಿಂದೆ ಮುಂದೆ ಓಡಿಸಿದ ಟ್ಯಾಂಕರ್ ಚಕ್ರಗಳೂ ಒಂದಿಷ್ಟನ್ನು ಒತ್ತಿ ಕಳಿಸಿರಬೇಕು. ಕೆಳಗೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಕೂಡ ಹೆಚ್ಚು ಕೆಲಸ ಮಾಡುವುದಿಲ್ಲ. ಮಣ್ಣು ಕೆದಕಿ ಗಾಳಿಯಾಡಿಸಬೇಕಾದವು ಏಡಿಗಳೇ, ಅವೇ ಸತ್ತಿದ್ದವು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಹಣದಲ್ಲಿ ಆ ಕಡೆಯ ಕೆಸರು ಬಯಲುಗಳಲ್ಲಿ ಕಾಲುವೆ ಕಡಿದು, ಭರತದ ನೀರು ಮತ್ತೆ ಒಳಗೆ ಹರಿದು ಹೋಗುವ ಹಾಗೆ ಮಾಡಿದರಂತೆ. ಕಾಲುವೆ ಬದಿಗೆ ಏಡಿಗಳು ವಾಪಸ್ ಬಂದವಂತೆ. ಅದು ನಾನು ಊರಿಗೆ ಮರಳಿದ ಮೇಲಿನ ಕಥೆ.

ಅವತ್ತು ಕಾರಿನಲ್ಲಿ ತೆಂಗಿನೆಣ್ಣೆ ಇರಲಿಲ್ಲ. ಮರಳಿನಲ್ಲಿ ಎಷ್ಟು ತಿಕ್ಕಿದರೂ ಬೆರಳಿನದು ಹೋಗಲಿಲ್ಲ. ಸ್ಟೇರಿಂಗ್ ಮೇಲೆ ಆದ ಕಲೆ ಕಾರು ಮಾರುವವರೆಗೂ ಹಾಗೇ ಇತ್ತು.