ವೇದಾವತಿಯ ಹಿಂದೆ ಹತ್ತಿ ಗಿರಿಗೆ

ನಮ್ಮ ಹೊಸದುರ್ಗ, ಹಿರಿಯೂರು ಕಡೆಗೆ ನೀರು ಹರಿದು ಬರುವುದು ಚಿಕ್ಕಮಗಳೂರಿನ ಗಿರಿಗಳಿಂದ. ಅಲ್ಲಿ ಹುಟ್ಟುವ ವೇದಾ, ಅವತಿ ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಹಿರಿಯೂರಿನ ಹತ್ತಿರದ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ ಕಟ್ಟಿರುವುದು ಆ ವೇದಾವತಿಗೇ. 2022ರಲ್ಲಿ ಡ್ಯಾಂ ಕೋಡಿ ಬಿದ್ದಾಗ ಜಾತ್ರೆಗೆ ಹೊರಟ ಹಾಗೆ ಊರಿಗೆ ಊರೇ ನೋಡಲು ಹೋಗಿತ್ತು, ಯಾಕಂದರೆ ಅದಕ್ಕೂ ಮುಂಚೆ ಕೋಡಿ ಬಿದ್ದದ್ದು 1933ರಲ್ಲಿ. ಅವತ್ತಿನಿಂದ ನನ್ನ ತಲೆಯಲ್ಲಿತ್ತು, ಈ ನೀರು ಶುರುವಾಗುವ ಬೆಟ್ಟದ ಮೇಲೆ ಒಂದು ದಿನ ನಿಧಾನಕ್ಕೆ ಓಡಾಡಿ ಬರಬೇಕು ಅಂತ. ದಸರಾ ಗಲಾಟೆ ಎಲ್ಲ ಮುಗಿದ ಮೇಲೆ ಭಾವ ಕಾರು ತೆಗೆದರು. ಅಕ್ಕ, ಅವಳ ಮಗಳು, ನಾನು ಹತ್ತಿ ಕೂತೆವು. ಕತ್ತಲಿರುವಾಗಲೇ ಹೊರಟಿದ್ದರಿಂದ ಕಡೂರು ಬರುವ ಹೊತ್ತಿಗೆ ಬೆಳಕಾಗಿತ್ತು.

ಸಖರಾಯಪಟ್ಟಣ ದಾಟಿದ ಮೇಲೆ ಗಿರಿಸಾಲು ಚೆನ್ನಾಗಿ ಕಾಣಲು ಶುರುವಾಗುತ್ತದೆ. ಆ ಕಡೆ ರಾಗಿ ಹೊಲ, ತೆಂಗು, ಅಡಿಕೆ. ಅದರ ಹಿಂದೆ ನೀಲಿ ಬೆಟ್ಟ. ಚಿಕ್ಕಮಗಳೂರಲ್ಲಿ ಬಿಸಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದು ಮೇಲಕ್ಕೆ ಹೊರಟೆವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗ ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಬುಕಿಂಗ್ ಮಾಡಿದ್ದಾರೆ, ಬೆಳಗ್ಗೆ ಇಷ್ಟು ಗಾಡಿ, ಮಧ್ಯಾಹ್ನ ಇಷ್ಟು ಗಾಡಿ ಅಂತ ಲೆಕ್ಕ. ಕೆಲವರು ಇದಕ್ಕೆ ಬೈಯುತ್ತಾರೆ. ನನಗಂತೂ ಸರಿ ಅನ್ನಿಸಿತು. ಎದುರಿಂದ ಒಂದು ಜೀಪು ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕಾದ ರಸ್ತೆ ಅದು, ಅಲ್ಲಿಗೆ ಸಾವಿರಾರು ಕಾರು ಒಟ್ಟಿಗೆ ನುಗ್ಗಿದರೆ ಯಾರಿಗೆ ತಾನೇ ಏನು ಕಾಣುತ್ತದೆ? ಬೆಳಗಿನ ಸ್ಲಾಟೇ ತಗೊಳ್ಳಿ. ಮಳೆ ಬರುವುದು ಜಾಸ್ತಿ ಮಧ್ಯಾಹ್ನದ ಮೇಲೆ.

ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಫಿ ತೋಟಗಳ ನಡುವೆ ಏರು. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಇನ್ನೂ ಹಸಿರಾಗೇ ಇದ್ದ ಕಾಫಿ ಕಾಯಿ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರು ಅಂತ ಕತೆ. ಅಕ್ಕನ ಮಗಳಿಗೆ ಅದನ್ನು ಹೇಳಿದರೆ, "ಏಳೇ ಯಾಕೆ ಮಾಮ, ಒಂದು ಚೀಲ ತರಬಹುದಿತ್ತಲ್ಲ?" ಅಂದಳು. ಬೀಜ ಹೊರಗೆ ಹೋಗದ ಹಾಗೆ ಅಲ್ಲಿನವರು ಕಾಯುತ್ತಿದ್ದರಂತೆ, ಅದಕ್ಕೇ ಬಚ್ಚಿಟ್ಟುಕೊಂಡು ತಂದರು ಅಂದೆ.

ಮುಂದೆ ರಸ್ತೆ ಕವಲಾಗುತ್ತದೆ. ಎಡಕ್ಕೆ ಹೋದರೆ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ಹೋದೆವು, ಮೆಟ್ಟಿಲು ಹತ್ತಿ ಮೇಲಿನ ಗುಡಿಗೆ ಕೈ ಮುಗಿದೆವು. ಗಾಳಿ ಎಷ್ಟಿತ್ತು ಅಂದರೆ ಅಕ್ಕ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜನ ತುಂಬಾ ಇದ್ದರು, ಫೋಟೋಗೆ ಸಾಲು ನಿಂತಿದ್ದರು. ಬಂದವರಲ್ಲಿ ಬಹಳಷ್ಟು ಜನ ಇಷ್ಟು ಮುಗಿಸಿಕೊಂಡು ಕೆಳಗಿಳಿದುಬಿಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ ದಾರಿ ಶುರುವಾಗುವುದೇ ಆಮೇಲೆ. ಕವಲಿಗೆ ವಾಪಸ್ ಬಂದು ಕವಿಕಲ್ ಗಂಡಿ, ಅತ್ತಿಗುಂಡಿ ಮೇಲೆ ಬಾಬಾಬುಡನ್‌ಗಿರಿಗೆ ಹೋಗುವ ದಾರಿ ಅದು.

ಈ ಗಿರಿಸಾಲು ನೇರವಾಗಿಲ್ಲ, ಅರ್ಧಚಂದ್ರದ ಹಾಗೆ ಬಾಗಿದೆ, ಚಂದ್ರದ್ರೋಣ ಅನ್ನುವುದು ಅದಕ್ಕೇ. ಬಾಗಿನ ಒಳಗಡೆ ಜಾಗರ ಕಣಿವೆ. ಅಲ್ಲಿ ಬಿದ್ದ ಮಳೆ ಸೋಮವಾಹಿನಿ ಹಿಡಿದು ಭದ್ರೆಗೆ ಹೋಗುತ್ತದೆ. ಹೊರಗಡೆ, ಮೂಡಲಿಗೆ ಬಿದ್ದದ್ದು ವೇದಾವತಿ ಆಗಿ ನಮ್ಮ ಕಡೆಗೆ. ಒಂದೇ ಮೋಡದ ಮಳೆ ಇಲ್ಲಿ ಎರಡು ಪಾಲಾಗಿ, ಒಂದು ಪಾಲು ಮಲೆನಾಡು ಸುತ್ತಿ, ಇನ್ನೊಂದು ಬಯಲುಸೀಮೆಯಲ್ಲಿ ಬಿಸಿಲು ಕುಡಿದು, ಕೊನೆಗೆ ಎರಡೂ ತುಂಗಭದ್ರೆಗೇ ಸೇರುತ್ತವೆ. ಇದನ್ನು ಮ್ಯಾಪಲ್ಲಿ ನೋಡಿದ್ದೆ. ಆ ಏಣಿನ ಮೇಲೆ ನಿಂತು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ತಿರುಗಿದಾಗ ನಿಜವಾಗಿ ಗೊತ್ತಾಯಿತು.

ಮೇಲೆ ಎಲ್ಲಿ ನೋಡಿದರೂ ಹುಲ್ಲು. ಬೋಳು ಗುಡ್ಡ ಅಂದುಕೊಳ್ಳಬೇಡಿ. ಮಡಿಕೆಗಳಲ್ಲಿ, ಹಳ್ಳ ಇಳಿಯುವ ಜಾಗಗಳಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು ಒತ್ತಾಗಿ ಬೆಳೆದಿದೆ, ಅದೇ ಶೋಲಾ. ಒಂದು ತಿರುವಿನಲ್ಲಿ ಕಾಡು ರಸ್ತೆವರೆಗೂ ಬಂದಿತ್ತು, ಭಾವ ಗಾಡಿ ನಿಲ್ಲಿಸಿದರು. ಮರಗಳು ತುಂಬಾ ಎತ್ತರ ಇಲ್ಲ, ಗಾಳಿಗೆ ಬಾಗಿ ಗಿಡ್ಡಾಗಿವೆ. ಕಾಂಡದ ತುಂಬ ಬೆರಳುದ್ದ ಪಾಚಿ. ನಾನು ಸುಮ್ನೆ ಒಂದು ಬೆರಳಿಟ್ಟು ಒತ್ತಿದೆ, ನೀರು ಮೊಣಕೈವರೆಗೂ ಇಳಿಯಿತು. ಅವತ್ತು ಬೆಳಗಿನಿಂದ ಒಂದು ಹನಿ ಮಳೆ ಬಂದಿರಲಿಲ್ಲ! ಪಕ್ಕದ ಧರೆಯಲ್ಲಿ, ಅಂದರೆ ರಸ್ತೆಗೆ ಕಡಿದ ಮಣ್ಣಿನ ಗೋಡೆಯಲ್ಲಿ, ಬೇರಿನ ತುದಿಯಿಂದ ಹನಿ ಬೀಳುತ್ತಿತ್ತು, ಹನಿ ಸೇರಿ ಚರಂಡಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಕುಡಿದದ್ದನ್ನು ಹುಲ್ಲು ಮತ್ತು ಶೋಲಾ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗುತ್ತವೆ, ಅದಕ್ಕೇ ಮಳೆ ನಿಂತ ಮೇಲೂ ಈ ಹಳ್ಳಗಳು ಹರಿಯುತ್ತಿರುತ್ತವೆ. ಬೋರ್‌ವೆಲ್ ಕೊರೆಸಿ ನೀರು ಸಿಗದೆ ಕೂತವರನ್ನು ನೋಡುತ್ತಾ ಬೆಳೆದ ನನಗೆ ಆ ಧರೆಯ ಮುಂದಿನಿಂದ ಬರಲು ಮನಸ್ಸೇ ಆಗಲಿಲ್ಲ.

ಅದೇ ಕಾರಣಕ್ಕೆ ಇನ್ನೊಂದನ್ನು ನೋಡಿ ಹೊಟ್ಟೆ ಉರಿಯಿತು. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಬೈಕು, ಜೀಪು ಹತ್ತಿಸಿದ ಗುರುತುಗಳು. ಚಕ್ರ ಓಡಿದ ಕಡೆ ಹುಲ್ಲು ಕಿತ್ತು, ಮಳೆಗೆ ಮಣ್ಣು ಕೊಚ್ಚಿ ಕೊರಕಲು ಬಿದ್ದಿದೆ. ಈ ಇಳಿಜಾರಿನಲ್ಲಿ ಒಮ್ಮೆ ಕೊರಕಲು ಬಿದ್ದರೆ ವರ್ಷ ವರ್ಷ ಅಗಲ ಆಗುತ್ತಾ ಹೋಗುತ್ತದೆ. ದಯವಿಟ್ಟು ಗಾಡಿ ರಸ್ತೆ ಮೇಲೇ ಇರಲಿ. ನಾಲ್ಕು ಹೆಜ್ಜೆ ನಡೆದರೆ ಅದೇ ನೋಟ ಸಿಗುತ್ತದೆ, ಅಲ್ವಾ?

ಅತ್ತಿಗುಂಡಿ ಸೇರುವಷ್ಟರಲ್ಲಿ ಮಂಜು ಕವಿದು ಹತ್ತಡಿ ಮುಂದಿನದೂ ಕಾಣುತ್ತಿರಲಿಲ್ಲ. ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಮೆಣಸಿನಕಾಯಿ ಬೋಂಡಾ ಬೇಯುತ್ತಿತ್ತು. "ಮಂಜು ಯಾವಾಗ ಬಿಡುತ್ತೆ ಅಮ್ಮಾ?" ಅಂತ ಭಾವ ಕೇಳಿದರು. "ಕಾಫಿ ಕುಡೀರಿ, ಅಷ್ಟರಲ್ಲಿ ಹೋಗ್ತದೆ. ಹೋಗ್ಲಿಲ್ಲ ಅಂದ್ರೆ ಇನ್ನೊಂದು ಕುಡೀರಿ" ಅಂದರು ಆಯಮ್ಮ. ಎರಡನೇ ಕಾಫಿಗೆ ಬಿಟ್ಟಿತು.

ಹೊನ್ನಮ್ಮನ ಹಳ್ಳ ರಸ್ತೆ ಪಕ್ಕದಲ್ಲೇ ಧುಮುಕುತ್ತದೆ, ಕಾರಿಂದ ಇಳಿದರೆ ಸಾಕು, ಮುಖಕ್ಕೆ ನೀರು ಹಾರುತ್ತದೆ. ಕಲ್ಲು ಪಾಚಿಗಟ್ಟಿರುತ್ತದೆ, ಮಕ್ಕಳ ಕೈ ಬಿಡಬೇಡಿ. ಬಾಬಾಬುಡನ್‌ಗಿರಿಯಲ್ಲಿ ಗುಹೆಗೆ ಹೋಗಿ ಬಂದೆವು. ದತ್ತಾತ್ರೇಯ ಅಂತ ಬರುವವರು, ಸೂಫಿ ಸಂತ ದಾದಾ ಹಯಾತ್ ಅಂತ ಬರುವವರು, ಇಬ್ಬರೂ ಒಂದೇ ಸಾಲಿನಲ್ಲಿದ್ದರು. ಮಾಣಿಕ್ಯಧಾರಾ ಜಲಪಾತದವರೆಗೂ ಹೋಗುವ ಆಸೆ ಇತ್ತು, ಮೋಡ ಕಟ್ಟಿದ್ದು ನೋಡಿ ಭಾವ ಬೇಡ ಅಂದರು. ಇಳಿಯುವಾಗ ಎರಡನೇ ಗೇರಿನಲ್ಲೇ ಬಂದರು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು, ಆಮೇಲೆ ಬ್ರೇಕೇ ಹಿಡಿಯುವುದಿಲ್ಲ ಅಂತ.

ವಾಪಸ್ ಬರುವಾಗ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಗೆ ತಿರುಗಿಸಿದೆವು. ಕೆರೆ ತುಂಬಿತ್ತು. ಏರಿ ಮೇಲೆ ಸಿಕ್ಕ ರೈತರೊಬ್ಬರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಹೊಸದುರ್ಗ ಅಂದಿದ್ದಕ್ಕೆ, "ಹಾಗಾದ್ರೆ ನಾವು ಬಿಟ್ಟ ನೀರು ನಿಮಗೇ ಬರೋದು" ಅಂದರು. ಈ ವರ್ಷ ಎಷ್ಟು ಬರಬಹುದು ಅಂತ ಭಾವ ಅವರ ಜೊತೆ ಮಾತಿಗೆ ನಿಂತವರು ಕತ್ತಲಾಗುವವರೆಗೂ ಕಾರು ಹತ್ತಲಿಲ್ಲ.