ಬಂಡೆಯೊಳಗೆ ಉಳಿದ ನೀರು

ಬಂಡೆಗಳು ಹೇಗೆ ಒಡೆಯುತ್ತವೆ ಎಂಬುದನ್ನು ವಿವರಿಸುವಾಗ ಭೂಗೋಳದ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹಿಮದಿಂದ ಆರಂಭಿಸುತ್ತವೆ: ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಬೆಂಗಳೂರಿನವರಿಗೆ ಈ ಉದಾಹರಣೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಈ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆ ಕಲ್ಲನ್ನು ಹಾಳುಮಾಡುವುದು ಒಳಗೆ ಹೋಗಿ ಹೊರಬರಲು ದಾರಿ ಸಿಗದೆ ಉಳಿದುಬಿಡುವ ನೀರು. ಎಲ್ಲದಕ್ಕೂ ಇದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಇದನ್ನು ಬಿಟ್ಟರೆ ಲಾಲ್‌ಬಾಗಿನ ಬಂಡೆಯಾಗಲಿ, ಹಂಪಿಯ ಗುಡ್ಡಗಳಾಗಲಿ, ನಮ್ಮ ಬೀದಿಯ ಗುಡಿಯ ಕಂಬಗಳಾಗಲಿ ಸರಿಯಾಗಿ ಅರ್ಥವಾಗುವುದಿಲ್ಲ.

ಲಾಲ್‌ಬಾಗಿನ ಬಂಡೆ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಷ್ಟು ಹಳೆಯ ಶಿಲೆ ಬಟಾಬಯಲಿನಲ್ಲಿ ಬಿಸಿಲುಮಳೆಗೆ ಮೈಯೊಡ್ಡಿ ನಿಂತೂ ಗಟ್ಟಿಯಾಗಿರುವುದಕ್ಕೆ ಅದರ ಇಳಿಜಾರೇ ಮುಖ್ಯ ಕಾರಣ. ಎಷ್ಟೇ ಜೋರಾಗಿ ಮಳೆ ಸುರಿದರೂ ನೀರು ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ, ಬಿಸಿಲು ಬಂದೊಡನೆ ಮೈ ಒಣಗುತ್ತದೆ. ಕೆಂಪೇಗೌಡರ ಗೋಪುರದ ಹತ್ತಿರ, ಮಳೆ ಬಿಟ್ಟ ಮರುದಿನ, ಬಂಡೆಯ ಮೇಲೆ ಅಲ್ಲಲ್ಲಿ ತಟ್ಟೆಯಗಲದ ಹೊಂಡಗಳಲ್ಲಿ ನೀರು ನಿಂತಿರುವುದನ್ನು ನೋಡಬಹುದು. ಅಂಥ ಹೊಂಡದ ಅಂಚನ್ನು ಬೆರಳಿನಿಂದ ಉಜ್ಜಿದರೆ ಕಲ್ಲು ಹರಳುಹರಳಾಗಿ ಉದುರುತ್ತದೆ. ಅದೇ ಬಂಡೆಯ ಇಳಿಜಾರಿನ ಭಾಗವನ್ನು ಎಷ್ಟು ಉಜ್ಜಿದರೂ ಬೆರಳು ಕೆಂಪಾಗುತ್ತದೆಯೇ ಹೊರತು ಒಂದು ಹರಳೂ ಕದಲುವುದಿಲ್ಲ. ನೀರು ನಿಂತ ಜಾಗ ಇನ್ನಷ್ಟು ಆಳವಾಗುತ್ತದೆ, ಆಳವಾದಷ್ಟೂ ಹೆಚ್ಚು ನೀರು ನಿಲ್ಲುತ್ತದೆ.

ಇದೇ ಶಿಲೆ ಮಣ್ಣಿನ ಕೆಳಗೆ ಸಿಕ್ಕಿದರೆ ಅದರ ಪಾಡೇ ಬೇರೆ. ಬೆಂಗಳೂರಿನಲ್ಲಿ ಎಲ್ಲಿಯಾದರೂ ಬಹುಮಹಡಿ ಕಟ್ಟಡಕ್ಕೆ ತಳಪಾಯ ತೋಡಿದ್ದರೆ ಆ ಗುಂಡಿಯ ಗೋಡೆಯನ್ನು ಒಮ್ಮೆ ಗಮನಿಸಬೇಕು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಹಳದಿ ಬಿಳುಪಿನ ಗರಸು, ಇನ್ನೂ ಕೆಳಗೆ ಗಟ್ಟಿ ಬಂಡೆ. ನಡುವಿನ ಗರಸಿನಲ್ಲಿ ಮೂಲಶಿಲೆಯ ಪಟ್ಟೆಗಳು ಇದ್ದ ಹಾಗೆಯೇ ಕಾಣಿಸುತ್ತವೆ, ಆದರೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಮಳೆನೀರು ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ; ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿ ಆ ಅನಿಲ ಇನ್ನೂ ಹೆಚ್ಚಾಗಿ ನೀರಿಗೆ ಸೇರುತ್ತದೆ. ಆ ನೀರು ತಿಂಗಳುಗಟ್ಟಲೆ ತಂಗಿರುವಲ್ಲಿ ಫೆಲ್ಡ್‌ಸ್ಪಾರ್ ಖನಿಜ ಮೆಲ್ಲನೆ ಜೇಡಿಯಾಗುತ್ತದೆ, ಕಪ್ಪು ಕಾಗೆಬಂಗಾರದೊಳಗಿನ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ, ಯಾವುದಕ್ಕೂ ಜಗ್ಗದ ಬೆಣಚುಕಲ್ಲಿನ ಕಣಗಳು ಮರಳಾಗಿ ಉಳಿಯುತ್ತವೆ. ಕಲ್ಲು ಇದ್ದಲ್ಲೇ ಕೊಳೆಯುವ ಈ ಕ್ರಿಯೆಯೇ ಶಿಥಿಲೀಕರಣ. ಹಾಗೆ ಸಡಿಲವಾದದ್ದನ್ನು ಮಳೆ, ಗಾಳಿ, ಹರಿವ ನೀರು ಹೊತ್ತೊಯ್ಯುವುದು ಸವೆತ. ನಮ್ಮ ಕೆರೆಗಳಲ್ಲಿ ತುಂಬುವ ಹೂಳು ಈ ಎರಡನೆಯದರ ಫಲ, ಅದರ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು.

ಹಂಪಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ದುಂಡು ಬಂಡೆಗಳು ಈ ಎರಡೂ ಸೇರಿ ಮಾಡಿದ ಕೆಲಸ. ನೆಲದೊಳಗಿನ ಗ್ರಾನೈಟಿನಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕುಗಳಿದ್ದವು. ನೀರು ಆ ಬಿರುಕುಗಳಲ್ಲಿ ಇಳಿದು ಚೌಕಾಕಾರದ ತುಂಡುಗಳನ್ನು ಸುತ್ತಲಿಂದಲೂ ಕೊಳೆಯಿಸಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಗಲುವುದರಿಂದ ಅವು ಬೇಗ ಕರಗಿದವು, ತುಂಡುಗಳು ದುಂಡಗಾದವು. ಆಮೇಲೆ ಸುತ್ತಲಿನ ಗರಸು ಕೊಚ್ಚಿಹೋಗಿ ಗಟ್ಟಿ ಗುಂಡುಗಳಷ್ಟೇ ಹೊರಗೆ ನಿಂತವು. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಗಾಳಿಮಳೆ ಕಲ್ಲನ್ನು ಉಜ್ಜಿ ನಯಗೊಳಿಸಿತೆಂದು ಹೇಳುತ್ತಾರೆ, ಆದರೆ ದುಂಡಾಗುವ ಕೆಲಸದ ಬಹುಪಾಲು ಮಣ್ಣಿನ ಕೆಳಗೆ, ಯಾರಿಗೂ ಕಾಣದಂತೆ ನಡೆದಿತ್ತು.

ಹಿಂದಿನ ಶಿಲ್ಪಿಗಳಿಗೆ ಇದರ ರಸಾಯನಶಾಸ್ತ್ರ ಗೊತ್ತಿತ್ತೆಂದು ಹೇಳುವ ಅಗತ್ಯವಿಲ್ಲ. ನೀರನ್ನು ಕಲ್ಲಿನಿಂದ ದೂರವಿಡಬೇಕೆಂಬುದು ಗೊತ್ತಿತ್ತು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಬಳಪದ ಕಲ್ಲಿನಲ್ಲಿ ಕಟ್ಟಲಾಗಿದೆ. ಅದು ಉಳಿಗೆ ಸುಲಭವಾಗಿ ಒಗ್ಗುವ ಮೆತ್ತನೆಯ ಕಲ್ಲು. ಅಲ್ಲಿನ ಮದನಿಕೆಯರ ಬಳೆ, ಸರ, ಬೆರಳುಗಳು ಇಂದಿಗೂ ಅಷ್ಟು ಸ್ಪಷ್ಟವಾಗಿರುವುದಕ್ಕೆ ಕಲ್ಲಿನ ಗುಣದಷ್ಟೇ ಅವರ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಸೂರೂ ಕಾರಣವೆಂದು ನನ್ನ ಅಭಿಪ್ರಾಯ. ಬಾದಾಮಿಯದು ಮರಳುಗಲ್ಲು. 578ರ ಶಾಸನವಿರುವ ಮೂರನೆಯ ಗುಹೆಯ ಒಳಗಿನ ಶಿಲ್ಪಗಳನ್ನು ನೋಡಿ, ಹೊರಗಿನ ಬಂಡೆಯ ಮೈಯಲ್ಲಿ ಜೇನುಗೂಡಿನಂತೆ ಬಿದ್ದಿರುವ ತೂತುಗಳನ್ನೂ ನೋಡಿದರೆ ಒಂದೇ ಕಲ್ಲಿಗೆ ಒಂದೇ ಬೆಟ್ಟದಲ್ಲಿ ಎಷ್ಟು ಬೇರೆಬೇರೆ ಗತಿ ಒದಗಬಹುದೆಂದು ತಿಳಿಯುತ್ತದೆ.

ಆ ತೂತುಗಳಲ್ಲಿ ಉಪ್ಪಿನ ಕೈವಾಡವೂ ಇರುತ್ತದೆ. ಕಲ್ಲಿನೊಳಗಿನ ನೀರು ಆವಿಯಾಗುವಾಗ ಅದರಲ್ಲಿ ಕರಗಿದ್ದ ಲವಣಗಳು ರಂಧ್ರಗಳಲ್ಲಿ ಹರಳುಗಟ್ಟುತ್ತವೆ, ಹರಳು ಬೆಳೆದಂತೆ ರಂಧ್ರದ ಗೋಡೆಯನ್ನು ಒಳಗಿನಿಂದ ತಳ್ಳುತ್ತದೆ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಚೌಳು ಹಿಡಿದು ಸುಣ್ಣ ಉಬ್ಬುವುದೂ ಇದೇ ಬಗೆಯದು. ಸುಣ್ಣದ ಗಾರೆಗೆ ಒಂದು ದೊಡ್ಡ ಗುಣವಿತ್ತು: ಅದು ಕಲ್ಲಿಗಿಂತ, ಇಟ್ಟಿಗೆಗಿಂತ ಮೆದು, ಮೇಲಾಗಿ ತೇವವನ್ನು ತನ್ನ ಮೂಲಕ ಹೊರಗೆ ಬಿಡುತ್ತಿತ್ತು, ಆದ್ದರಿಂದ ಉಪ್ಪು ಹರಳುಗಟ್ಟಿದರೆ ಉದುರುತ್ತಿದ್ದುದು ಗಾರೆ. ಅದನ್ನು ಮತ್ತೆ ಬಳಿಯಬಹುದು. ಸಿಮೆಂಟು ಗಟ್ಟಿ, ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ, ಜೊತೆಗೆ ತನ್ನದೇ ಲವಣಗಳನ್ನೂ ತರುತ್ತದೆ. ಹಳೆಯ ಕಟ್ಟಡದ ಸಂದುಗಳಿಗೆ ಸಿಮೆಂಟು ತುಂಬಿದಾಗ ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಉದುರುವುದೂ ಕಲ್ಲೇ.

ನಮ್ಮ ಬಡಾವಣೆಯ ಹಳೆಯ ಗುಡಿಯೊಂದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಜೀರ್ಣೋದ್ಧಾರದ ಹೆಸರಿನಲ್ಲಿ ಕಂಬಗಳಿಗೆ ಎಣ್ಣೆಬಣ್ಣ ಬಳಿದರು, ಬುಡದ ಸುತ್ತ ಹೊಳೆಯುವ ಟೈಲ್ಸ್ ಹಾಕಿಸಿದರು. ಮರು ಮಳೆಗಾಲ ಮುಗಿಯುವ ಹೊತ್ತಿಗೆ ಕಂಬದ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆ ಉಗುರು ತಾಗಿದ್ದಕ್ಕೇ ಕಳಚಿ ಬಂತು. ಅದರ ಹಿಂಭಾಗದಲ್ಲಿ ಬಿಳಿಯ ಹುಡಿಯ ಜೊತೆಗೆ ಕಲ್ಲಿನ ತೆಳುವಾದ ಒಂದು ಪದರವೂ ಅಂಟಿಕೊಂಡಿತ್ತು, ಆ ಪದರದ ಮೇಲೆ ಹಳೆಯ ಉಳಿಯ ಗೆರೆಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ನೆಲದಿಂದ ಏರಿದ ತೇವಕ್ಕೆ ಟೈಲ್ಸ್ ಒಂದು ದಾರಿ ಮುಚ್ಚಿತ್ತು, ಬಣ್ಣ ಇನ್ನೊಂದು ದಾರಿ ಮುಚ್ಚಿತ್ತು. ಬಣ್ಣ ತೆಗೆಯಲು ಮರಳು ಸಿಡಿಸುವ ಯಂತ್ರ ತರಿಸೋಣವೆಂಬ ಸಲಹೆಯೂ ಬಂದಿತ್ತು. ಅದು ಬಣ್ಣದ ಜೊತೆಗೆ ಉಳಿಯ ಗೆರೆಗಳನ್ನೂ ಕೊನೆಗಾಣಿಸುತ್ತದೆ, ಕಲ್ಲಿನ ಮೈಯನ್ನು ಒರಟುಗೊಳಿಸಿ ನೀರು ನಿಲ್ಲಲು ಇನ್ನಷ್ಟು ಜಾಗ ಮಾಡಿಕೊಡುತ್ತದೆ.

ಶಾಸನಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಆತಂಕವಿದೆ, ಏಕೆಂದರೆ ಅಲ್ಲಿ ಅಕ್ಷರದ ಆಳವೇ ತೀರ ಕಡಿಮೆ. ಸುಮಾರು 750ರ ಕಾಲದ ಹೆಬ್ಬಾಳದ ಕಿತ್ತಯ್ಯನ ಶಾಸನ, 890ರ ಸುಮಾರಿನ ಬೇಗೂರಿನ ಬೆಂಗಳೂರು ಕಾಳೆಗದ ಶಾಸನ ಇಷ್ಟು ಶತಮಾನ ಉಳಿದು ಬಂದಿವೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿದ್ದಾರೆ. ಬರಿಗಣ್ಣಿಗೆ ಮಾಸಿದಂತೆ ಕಾಣುವ ಅಕ್ಷರಗಳೂ ಅದರಲ್ಲಿ ಓದಲು ಸಿಗುತ್ತವೆ. ಕಲ್ಲನ್ನೇ ಉಳಿಸುವ ಕೆಲಸ ಮಾತ್ರ ಇದರಿಂದ ಮುಗಿಯುವುದಿಲ್ಲ.

ಉಪ್ಪು ಹಿಡಿದ ಕಲ್ಲಿಗೆ ಸಂರಕ್ಷಣಾ ತಜ್ಞರು ಮಾಡುವ ಚಿಕಿತ್ಸೆ ಸರಳವಾದದ್ದು, ಆದರೆ ನಿಧಾನದ್ದು. ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ನೆನೆಸಿ ಕಲ್ಲಿಗೆ ಮೆತ್ತುತ್ತಾರೆ. ಅದು ಒಣಗುವಾಗ ಲವಣ ತಿರುಳಿಗೆ ಬರುತ್ತದೆ, ಅದನ್ನು ಕಿತ್ತು ಹೊಸದನ್ನು ಮೆತ್ತುತ್ತಾರೆ, ಉಪ್ಪಿನಂಶ ಇಳಿಯುವವರೆಗೂ ಹೀಗೆಯೇ. ಆದರೆ ತೇವ ಏರುವ ದಾರಿಯನ್ನು ಮೊದಲು ಸರಿಪಡಿಸದಿದ್ದರೆ ಅಷ್ಟೂ ಶ್ರಮ ವ್ಯರ್ಥ. ನಮ್ಮ ಗುಡಿಯವರು ಸದ್ಯಕ್ಕೆ ಬುಡದ ಟೈಲ್ಸ್ ಕೀಳಿಸಿ ಮಳೆನೀರು ಹೊರಗೆ ಹರಿಯುವಂತೆ ಚರಂಡಿ ತೋಡಿಸಲು ಒಪ್ಪಿದ್ದಾರೆ. ಬಣ್ಣದ ಮಾತು ರಥೋತ್ಸವ ಮುಗಿದ ಮೇಲೆ ಎಂದಿದ್ದಾರೆ.