ತುಟಿ ಮಾತ್ರ ಅಲುಗುತ್ತಿತ್ತು

ಮಾರ್ಚ್ ತಿಂಗಳ ಮೊದಲ ಶುಕ್ರವಾರ ನಮ್ಮ ಕ್ರೈಸ್ತ ದೇವಾಲಯದಲ್ಲಿ ಗಂಡಸರು ಹಿಂದಿನ ಬೆಂಚುಗಳಿಗೆ ಹೋಗಿ ಕೂರುತ್ತಾರೆ. ಯಾರೂ ಹೇಳಿದ್ದಲ್ಲ, ತಾವಾಗಿಯೇ. ಅವತ್ತು ವಿಶ್ವ ಪ್ರಾರ್ಥನಾ ದಿನ. ಗಂಟೆ ಹೊಡೆಯುವುದರಿಂದ ಹಿಡಿದು ಕಾಣಿಕೆ ಎಣಿಸುವವರೆಗೆ ಎಲ್ಲಾ ಹೆಂಗಸರದೇ. 1927ರಿಂದ ಹೀಗೆ ನಡೆದು ಬಂದಿದೆ. ಪ್ರತಿ ವರ್ಷ ಒಂದು ದೇಶದ ಹೆಣ್ಣುಮಕ್ಕಳು ಆರಾಧನೆಯ ಕ್ರಮ ಬರೆದು ಕಳಿಸುತ್ತಾರೆ, 150ಕ್ಕೂ ಹೆಚ್ಚು ದೇಶಗಳಲ್ಲಿ ಅದನ್ನೇ ಓದುತ್ತಾರೆ. 2026ರಲ್ಲಿ, ಮಾರ್ಚ್ 6ಕ್ಕೆ, ನೈಜೀರಿಯಾದವರ ಸರದಿ. ಅವರು ಆರಿಸಿಕೊಂಡ ವಾಕ್ಯ ನಮ್ಮ ಅರ್ಧಕ್ಕರ್ಧ ಮನೆಗಳ ಗೋಡೆ ಮೇಲೆ ಇರುವಂಥದ್ದೇ: ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿರಿ.

ಅವತ್ತಿನ ಪ್ರಸಂಗ, ಅಂದರೆ ಉಪದೇಶ, ನನ್ನ ಪಾಲಿಗೆ ಬಂತು. "ನೀವು ಟೀಚರು, ನಿಮಗೆ ಮಾತು ಬರ್ತದ" ಅಂದರು. ಮಕ್ಕಳ ಮುಂದೆ ಬರುವ ಮಾತು ದೊಡ್ಡವರ ಮುಂದೆ ಬರುವುದಿಲ್ಲ ಅಂತ ಅವರಿಗೆ ಹೇಗೆ ಹೇಳೋದು? ಒಪ್ಪಿಕೊಂಡೆ. ಹೊರೆ ಅಂದ ಕೂಡಲೇ ನನಗೆ ನೆನಪಾದವಳು ಸತ್ಯವೇದದ, ಅಂದರೆ ಬೈಬಲಿನ, ಹನ್ನಳು.

ಹನ್ನಳ ಕಥೆ ನಿಮಗೆಲ್ಲ ಗೊತ್ತೇ ಇದೆ. ಮಕ್ಕಳಿಲ್ಲ, ಸವತಿ ಪೆನಿನ್ನಳ ಚುಚ್ಚುಮಾತು, ವರ್ಷಕ್ಕೊಮ್ಮೆ ದೇವಾಲಯವಿದ್ದ ಶೀಲೋವಿಗೆ ಹೋಗಿ ಅಳುವುದು. ಗಂಡ ಎಲ್ಕಾನ ಒಳ್ಳೆಯವನೇ. ಆದರೆ ಅವನ ಸಮಾಧಾನ ನೋಡಿ: ಹತ್ತು ಗಂಡುಮಕ್ಕಳಿಗಿಂತ ನಿನಗೆ ನಾನು ಹೆಚ್ಚಲ್ಲವೇ ಅಂತ ಕೇಳುತ್ತಾನೆ. ಹನ್ನಳು ಏನು ಉತ್ತರ ಕೊಟ್ಟಳೋ ಸತ್ಯವೇದದಲ್ಲಿ ಬರೆದಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು. ಉಳಿದವರ ಊಟ ಮುಗಿದ ಮೇಲೆ ಎದ್ದವಳು ನೇರ ದೇವರ ಮುಂದೆ ಹೋಗಿ ನಿಂತಳು.

ಅವಳ ತುಟಿ ಅಲುಗುತ್ತಿತ್ತು, ಧ್ವನಿ ಕೇಳಿಸುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಯಾಜಕ ಏಲಿ ಅದನ್ನು ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡ.

ಪೀಠದ ಮೇಲೆ ನಿಂತು ಈ ಮಾತನ್ನು ಓದುವಾಗಲೇ ನನ್ನ ಗಂಟಲು ಕಟ್ಟಿದ್ದು. ಎರಡು ಸಲ ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಮುಂದಿನ ಬೆಂಚಿನ ಮುದುಕಿಯೊಬ್ಬರು, "ಗಟ್ಟಿ ಹೇಳವ್ವಾ, ಕೇಳವಲ್ದು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕಣ್ಣ ಮುಂದೆ ಏಲಿಯೂ ಇರಲಿಲ್ಲ, ಶೀಲೋವೂ ಇರಲಿಲ್ಲ. ಬೆಟಗೇರಿಯ ನಮ್ಮ ಹಳೆ ಮನೆಯ ಪಡಸಾಲೆ ಇತ್ತು. ಅಲ್ಲಿ ನೂಲು ಸುತ್ತುವ ರಾಟಿ ಮುಂದೆ ಕೂತ ನಮ್ಮ ಆಯಿ, ಅಂದರೆ ಅಜ್ಜಿ, ಇದ್ದಳು.

ನಮ್ಮದು ನೇಕಾರರ ಮನೆ. ಅಜ್ಜ ಮಗ್ಗದ ಕುಣಿಯಲ್ಲಿ, ಆಯಿ ರಾಟಿ ಮುಂದೆ. ಬಲಗೈಲಿ ರಾಟಿ ತಿರುಗಿಸುತ್ತಾ, ಎಡಗೈ ಬೆರಳ ಸಂದಿಯಲ್ಲಿ ನೂಲು ಹಿಡಿದು ಕಂಡಿಕಿ, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುತ್ತಿದ್ದಳು. ಆ ನೂಲು ಓಡಿ ಓಡಿ ಅವಳ ತೋರುಬೆರಳಿನಲ್ಲಿ ಒಂದು ಸಣ್ಣ ಗೆರೆ ಕೊರೆದಿತ್ತು. ಕತ್ತಲಲ್ಲಿ ಕೈ ಹಿಡಿದರೂ ಇದು ಆಯಿಯ ಕೈ ಅಂತ ಆ ಗೆರೆಯಿಂದಲೇ ಹೇಳಬಹುದಿತ್ತು. ಮತ್ತೆ ಅವಳ ತುಟಿ. ರಾಟಿ ತಿರುಗುವಷ್ಟು ಹೊತ್ತೂ ಅದು ಅಲುಗುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವಳು ಕಂಡಿಕಿ ಎಣಿಸುತ್ತಾಳೆ ಅಂದುಕೊಂಡಿದ್ದೆ. ಒಂದು ದಿನ ಬಾಯಿಗೆ ಕಿವಿ ಹಚ್ಚಿ ಕೇಳಿದೆ. ಅದು ಕಾಕಾನ ಹೆಸರು.

ಕಾಕಾ ಆಯಿಯ ಮಗ, ಅಜ್ಜನ ಜೊತೆ ಜಗಳ ಮಾಡಿಕೊಂಡು ಮುಂಬೈಗೆ ಹೋದವನು. ಒಂಬತ್ತು ವರ್ಷ ಕಾಗದ ಇಲ್ಲ, ಸುದ್ದಿ ಇಲ್ಲ. ಅಜ್ಜ ಅವನ ಹೆಸರು ಎತ್ತುತ್ತಿರಲಿಲ್ಲ. ಊರವರು ಕೇಳುವುದನ್ನು ಬಿಟ್ಟರು. ಆಯಿ ಮಾತ್ರ ಬಿಡಲಿಲ್ಲ.

ಅವಳ ಪ್ರಾರ್ಥನೆ ಮೆತ್ತಗಿನದಲ್ಲ. "ದೇವರ ಚಿತ್ತದಂತಾಗಲಿ" ಅಂತ ನಾವು ಈಗ ಎಷ್ಟು ಬೇಗ ಅಂದು ಕೈಬಿಡುತ್ತೇವೆ ಅಲ್ವಾ? ಆಯಿ ಆ ಮಾತಿಗೆ ಬರುವ ಮುಂಚೆ ಬಹಳ ದೂರ ನಡೆಯುತ್ತಿದ್ದಳು. ಲೂಕನ ಸುವಾರ್ತೆಯ ವಿಧವೆ ಇದ್ದಾಳಲ್ಲ, ನ್ಯಾಯ ಕೊಡು ಅಂತ ಆ ಕೆಟ್ಟ ನ್ಯಾಯಾಧಿಪತಿಯ ಬೆನ್ನು ಬಿದ್ದವಳು, ಅವಳೇ ಆಯಿಗೆ ಗುರು. ಮಗಳನ್ನು ಉಳಿಸು ಅಂತ ಯೇಸುಸ್ವಾಮಿಯನ್ನು ಬೇಡಿದ ಕಾನಾನ್ಯ ಹೆಂಗಸೂ ಅಷ್ಟೇ. ಶಿಷ್ಯರು ಅವಳನ್ನು ಕಳಿಸಿಬಿಡು ಅಂದರು, ಸ್ವಾಮಿ ಮೊದಲು ಸುಮ್ಮನಿದ್ದರು, ಆಮೇಲೆ ಮಕ್ಕಳ ರೊಟ್ಟಿ ನಾಯಿಮರಿಗೆ ಹಾಕಬಾರದು ಅಂದರು. ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವಳು ಅದೇ ಮಾತಿನ ತುದಿ ಹಿಡಿದು, ಉದುರಿದ ಚೂರು ನಾಯಿಮರಿಯೂ ತಿನ್ನುತ್ತದಲ್ಲ ಸ್ವಾಮೀ ಅಂದಳು. "ಚೂರ ಸಾಕಂದ್ಲು, ಮಗಳನ್ನ ಪೂರಾ ಉಳಿಸ್ಕೊಂಡ್ಲು. ಭಾರೀ ಗಟ್ಟಿಗಿತ್ತಿ!" ಅಂತ ಆಯಿ, ನೆರೆಮನೆಯವಳ ಸುದ್ದಿ ಹೇಳಿದಂತೆ ಹೇಳುತ್ತಿದ್ದಳು.

ಒಮ್ಮೆ ಆಗ ಇದ್ದ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಆರಾಧನೆ ಮುಗಿದ ಮೇಲೆ ಅವಳನ್ನು ನಿಲ್ಲಿಸಿ, ಪ್ರಸಂಗ ನಡೆಯುವಾಗ ಬಾಯಲ್ಲಿ ಗೊಣಗಬಾರದು ಅಂದರು. ಆಯಿ ಸೆರಗು ತಲೆ ಮೇಲೆ ಸರಿ ಮಾಡಿಕೊಂಡು ಹೇಳಿದ್ದು ಇಷ್ಟು: "ಗೊಣಗಾಕತ್ತಿಲ್ರೀ ಅಯ್ಯನವರ. ನೀವು ಅವನ ಬಗ್ಗೆ ನಮಗ ಹೇಳಾಕತ್ತಿದ್ರಿ. ನಾ ನಮ್ಮ ಬಗ್ಗೆ ಅವಗ ಹೇಳಾಕತ್ತಿದ್ದೆ."

ಹನ್ನಳೂ ಏಲಿಗೆ ಉತ್ತರ ಕೊಟ್ಟಳು. ನಾನು ಕುಡಿದಿಲ್ಲ ಸ್ವಾಮೀ, ಮನಸ್ಸಿನಲ್ಲಿದ್ದದ್ದನ್ನು ದೇವರ ಮುಂದೆ ಹೊಯ್ಯುತ್ತಿದ್ದೇನೆ ಅಂದಳು. ನಮ್ಮ ಪ್ರಸಂಗಗಳಲ್ಲಿ ಅವಳ ಕಣ್ಣೀರಿಗೆ ಸಿಗುವಷ್ಟು ಜಾಗ ಈ ಉತ್ತರಕ್ಕೆ ಸಿಗುವುದಿಲ್ಲ. ನನಗಂತೂ ಇದೇ ಜಾಸ್ತಿ ಇಷ್ಟ. ಅವಳು ಹಾಗೆ ಹೇಳದೆ ತಲೆ ತಗ್ಗಿಸಿ ಹೋಗಿದ್ದರೆ ಏಲಿಯ ಆಶೀರ್ವಾದ ಸಿಗುತ್ತಿತ್ತಾ?

ಇನ್ನೊಂದು ವಿಷಯ ಓದುವಾಗಲೆಲ್ಲ ನನಗೆ ತಡೆಯುತ್ತದೆ. ಬೇಡಿ ಪಡೆದ ಸಮುವೇಲನನ್ನು ದೇವಾಲಯಕ್ಕೆ ಬಿಟ್ಟ ಮೇಲೆ ಹನ್ನಳು ವರ್ಷಕ್ಕೊಂದು ಚಿಕ್ಕ ನಿಲುವಂಗಿ ಮಾಡಿ ತಂದು ಕೊಡುತ್ತಿದ್ದಳು. ಮಗ ಕಣ್ಣ ಮುಂದಿಲ್ಲ. ಅಳತೆ ಯಾವುದು? ಈ ವರ್ಷ ಎಷ್ಟು ಬೆಳೆದಿರಬಹುದು ಅಂತ ಮನಸ್ಸಿನಲ್ಲೇ ಗೇಣು ಹಾಕಿ ನೋಡಿರಬೇಕು.

ಈಗ ನಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಏಳೆಂಟು ಜನ ಬಂದರೆ ಹೆಚ್ಚು. ವಾಟ್ಸಾಪ್ ಗುಂಪಿನಲ್ಲಿ "ಪ್ರಾರ್ಥಿಸಿರಿ" ಅಂತ ಬರುತ್ತದೆ, ಮುಗಿದ ಕೈಗಳ ಚಿತ್ರ ಸಾಲಾಗಿ ಬೀಳುತ್ತವೆ, ಸಂಜೆಗೆ ಯಾರ ಆಪರೇಷನ್ ಅನ್ನುವುದೇ ಮರೆತಿರುತ್ತದೆ. ಬೇರೆಯವರನ್ನು ಯಾಕೆ ಅನ್ನಲಿ, ನಾನೂ ಕೈ ಒತ್ತಿ ಫೋನು ಕೆಳಗಿಟ್ಟವಳೇ. 2013ರಲ್ಲಿ ನಂದ್ಯಾಲದಲ್ಲಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಗೆ, ಮೊದಲ ಮಹಿಳಾ ಬಿಷಪ್ ಆದರು, ಪುಷ್ಪಲಲಿತಾ ಅವರು. ಪೀಠ ಹತ್ತುವ ಧೈರ್ಯ ನಮಗೆ ಬಂದಿದೆ, ಸಂತೋಷ. ನೆಲದ ಮೇಲೆ ಕೂತು ಒಂದೇ ಹೆಸರನ್ನು ಒಂಬತ್ತು ವರ್ಷ ಹೇಳುವುದು ಮಾತ್ರ ಕಷ್ಟವಾಗಿದೆ.

ಕಾಕಾ ಬಂದ. ಒಂದು ಮಧ್ಯಾಹ್ನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ, ಅರ್ಧ ಕೂದಲು ಬೆಳ್ಳಗಾಗಿತ್ತು. ಆಯಿ ರಾಟಿ ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ಮೇಲೆ ಜಂತಿಯ ಕಡೆ ನೋಡಿ, "ಇಷ್ಟ ದಿನಾ ಬೇಕಾಗಿತ್ತೇನಪಾ?" ಅಂದಳು. ಅವನಿಗೆ ಅಂದದ್ದಲ್ಲ ಅಂತ ನಮಗೆಲ್ಲ ಗೊತ್ತಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ರಾಟಿ ಮುಂದೆ, ಮತ್ತೆ ತುಟಿ ಅಲುಗುತ್ತಿದೆ. "ಕಾಕಾ ಬಂದಾನಲ್ಲ, ಇನ್ನೇನು ಬೇಡ್ತೀ ಆಯಿ?" ಅಂದೆ. ನೂಲು ಬಿಡದೆ, ಗಲ್ಲದಿಂದ ಎದುರುಮನೆ ಕಡೆ ತೋರಿಸಿದಳು.

"ಅವರ ಮಗಳಿಗೆ ದಿನಾ ತುಂಬ್ಯಾವ. ಸುಮ್ನ ಕುಂದ್ರು, ತಪ್ಪಿಸಬ್ಯಾಡ."